ಕೆಡಿಸಿಟ್ಟ ಎಂಜಿನ್

ಮಕ್ಕಳಿಗೆ ಯಾರೋ ಮೊದಲೇ ಹೇಳಿಕೊಡುತ್ತಿದ್ದಾರೆ. ಈ ಹುಳ ಎಂಜಿನ್ ಮೇಷ್ಟ್ರ ತಲೆ ಹೊಕ್ಕು ಆರು ವಾರವಾಗಿತ್ತು. ಹೈಸ್ಕೂಲಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಅವನು ಹತ್ತನೇ ಕ್ಲಾಸಿನವರಿಗೆ ಎಂಜಿನ್ ರಿಪೇರಿ ಕಲಿಸುತ್ತಿದ್ದ; ಕಲಿಸುವ ರೀತಿ ಅವನದೇ. ವಾರಕ್ಕೊಂದು ದಿನ, ಮಕ್ಕಳು ಬರುವುದಕ್ಕೆ ಮೊದಲು, ಬಾಗಿಲು ಹಾಕಿಕೊಂಡು, ಚೆನ್ನಾಗಿ ಓಡುವ ಎಂಜಿನ್ನೊಂದನ್ನು ಕೈಯಾರೆ ಕೆಡಿಸಿಡುತ್ತಿದ್ದ. ಪ್ಲಗ್ಗಿನ ಬಾಯಿ ಒಂದಿಷ್ಟು ಮುಚ್ಚುವುದು, ಪೆಟ್ರೋಲ್ ಪೈಪಿನೊಳಗೆ ಹತ್ತಿಯ ಉಂಡೆ ತುರುಕುವುದು, ವೈರನ್ನು ಮೇಲಿನ ಸಿಪ್ಪೆ ಹರಿಯದಂತೆ ಒಳಗೇ ಕತ್ತರಿಸುವುದು. ಏನು ಕೆಡಿಸಬೇಕೆಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಚೀಟಿ ಬರೆದು ಶರ್ಟಿನ ಜೇಬಿಗೆ ಹಾಕಿಕೊಂಡಿರುತ್ತಿದ್ದ; ಅದರಂತೆ ಕೆಡಿಸಿ ಬಾಗಿಲು ತೆಗೆಯುತ್ತಿದ್ದ. ಆಮೇಲೆ ಮಕ್ಕಳ ಬೆವರಿಳಿಯಬೇಕು. ಹಿಂದೆಲ್ಲ ಎರಡು ಪೀರಿಯಡ್ ಹುಡುಕಿದರೂ ಸಿಗದೆ, ಕೊನೆಗೆ ಅವನು ಹತ್ತಿರ ಬಂದು, ಏನೂ ಮಾತಾಡದೆ ಒಂದು ನಟ್ಟಿನ ಮೇಲೆ ಬೆರಳಿಡುತ್ತಿದ್ದ. ಆ ಗಳಿಗೆಗಾಗಿಯೇ ತಾನು ಈ ಕೆಲಸದಲ್ಲಿದ್ದೇನೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಈ ವರ್ಷದ ಮಕ್ಕಳು ಆ ಗಳಿಗೆಯನ್ನೇ ಕಿತ್ತುಕೊಂಡಿದ್ದರು. ಅರ್ಧ ಗಂಟೆ, ಆಮೇಲೆ ಹನ್ನೆರಡು ನಿಮಿಷ, ಕಳೆದ ಗುರುವಾರ ನಾಲ್ಕೇ ನಿಮಿಷ. ಅವನ ಬೆರಳಿಗೆ ಕೆಲಸವೇ ಉಳಿದಿರಲಿಲ್ಲ.

"ನನ್ನ ಶರ್ಟಿನ ಜೇಬು ನೋಡಿದ್ಯಾ?" ಎಂದು ಬೆಳಿಗ್ಗೆ ಕೇಳಿದ. ಹೆಂಡತಿ ಬಕೆಟಿನ ಮುಂದೆ ಕೂತು ಬಟ್ಟೆ ಹಿಂಡುತ್ತಿದ್ದಳು.

"ನೋಡ್ದೆ. ಎರಡು ನಟ್ಟು, ಹಲ್ಲು ಮುರಿದ ಬಾಚಣಿಗೆ, ಗ್ರೀಸು ಮೆತ್ತಿದ ಕರ್ಚೀಫು. ಹೇಳಿ, ಯಾವುದನ್ನ ಬ್ಯಾಂಕಲ್ಲಿ ಇಡೋಣ?"

"ಚೀಟಿ ಇರ್ಲಿಲ್ವಾ?"

"ನಿಮಗೆ ಯಾರ್ರೀ ಚೀಟಿ ಬರೀತಾರೆ ಈ ವಯಸ್ಸಲ್ಲಿ?"

ಅವಳು ನಕ್ಕಳು. ನಗು ಸ್ವಲ್ಪ ಬೇಗ ಬಂತೇನೋ ಎಂದು ಅವನು ಅವಳ ಬೆನ್ನನ್ನೇ ನೋಡುತ್ತ ನಿಂತ. ಅವಳ ತಂಗಿಯ ಮಗ ಅದೇ ಸ್ಕೂಲಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದ. ಶರ್ಟಿನಿಂದ ಹೆಂಡತಿಗೆ, ಹೆಂಡತಿಯಿಂದ ನಾದಿನಿಗೆ, ನಾದಿನಿಯಿಂದ ಆ ಹುಡುಗನಿಗೆ, ಅವನಿಂದ ಇಡೀ ಹತ್ತನೇ ಕ್ಲಾಸಿಗೆ: ದಾರಿ ನೇರವಾಗಿಯೇ ಇತ್ತು. ಆದರೆ ಆ ದಾರಿಯನ್ನು ಅವನು ಹೋದ ವಾರವೇ ಪರೀಕ್ಷೆ ಮಾಡಿ ಮುಗಿಸಿದ್ದ. ಚೀಟಿಯಲ್ಲಿ ಬೇಕೆಂತಲೇ ಕಾರ್ಬೊರೇಟರ್ ಎಂದು ಬರೆದು, ಪ್ಲಗ್ಗನ್ನು ಕೆಡಿಸಿದ್ದ. ಮಕ್ಕಳು ಕಾರ್ಬೊರೇಟರಿನ ಕಡೆ ತಲೆಯನ್ನೂ ಹಾಕದೆ ಸೀದಾ ಪ್ಲಗ್ಗಿಗೆ ಹೋದರು. ಅಂದಮೇಲೆ ಚೀಟಿ ನಿರಪರಾಧಿ, ಹೆಂಡತಿಯೂ ನಿರಪರಾಧಿ. ಅದು ಗೊತ್ತಿದ್ದೂ ಮತ್ತೆ ಜೇಬಿನ ಮಾತೆತ್ತಿದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವಳನ್ನು ಬಕೆಟಿನ ಮುಂದೆ ಕೂರಿಸಿ ವಿಚಾರಣೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಬೀದಿಯ ತಿರುವಿನವರೆಗೆ ಇತ್ತು. ಅಲ್ಲಿಂದ ಮುಂದೆ ಮತ್ತೆ ಯಾರು, ಹೇಗೆ, ಎಲ್ಲಿಂದ ಎಂಬುದೇ ಶುರುವಾಯಿತು.

ಶೆಡ್ಡಿಗೆ ಒಂದೇ ಬಾಗಿಲು, ಹಿಂದೆ ಒಂದು ಕಿಟಕಿ. ಕಿಟಕಿಯ ಒಂದು ಗಾಜು ಒಡೆದು ಅಲ್ಲಿಗೆ ರಟ್ಟು ಬಡಿದಿದ್ದರು. ರಟ್ಟಿನ ಪಕ್ಕದಲ್ಲಿ ಬೆರಳಗಲದ ಸಂದು. ಆ ಸಂದನ್ನು ಅವನು ಒಳಗಿನಿಂದ ನೋಡಿದ್ದ, ಹೊರಗಿನಿಂದಲೂ ಕಣ್ಣಿಟ್ಟು ನೋಡಿದ್ದ, ಆಮೇಲೆ ಅದರ ಮೇಲೆ ತನ್ನ ಕೋಟನ್ನು ನೇತುಹಾಕಿದ್ದ. ಅದೂ ಸಾಲದೆ ಮೂರು ವಾರದ ಹಿಂದೆ ಸೀಮೆಸುಣ್ಣವನ್ನು ಪುಡಿ ಮಾಡಿ ಕಿಟಕಿಯ ಹೊರಗೆ ನೆಲದ ಮೇಲೆ ಚೆಲ್ಲಿದ. ಯಾರ ಕಾಲಿನ ಅಚ್ಚು ಬೀಳುತ್ತದೋ ಅವರೇ ಕಳ್ಳರು. ಮಧ್ಯಾಹ್ನ ಹೋಗಿ ನೋಡಿದರೆ ನೆಲ ಚೊಕ್ಕಟವಾಗಿತ್ತು. "ಯಾರೋ ಸೀಮೆಸುಣ್ಣ ಚೆಲ್ಲಿದ್ರು ಸಾರ್, ಈ ಹುಡುಗ್ರಿಗೆ ಬುದ್ಧಿನೇ ಇಲ್ಲ, ಗುಡಿಸಿ ಹಾಕ್ದೆ" ಎಂದು ಜವಾನ ಹಲ್ಲು ಬಿಟ್ಟಿದ್ದ. ನಾಲ್ಕು ತಿಂಗಳಿನಿಂದ ಪೊರಕೆ ಮುಟ್ಟದ ಮನುಷ್ಯ ಅವತ್ತೇ ಯಾಕೆ ಗುಡಿಸಿದ? ಅವನನ್ನೂ ಪಟ್ಟಿಗೆ ಸೇರಿಸಿಕೊಂಡದ್ದಾಯಿತು. ಆದರೆ ಪಟ್ಟಿಯ ಮೊದಲ ಹೆಸರು ಯಾವತ್ತೂ ಬದಲಾಗಲಿಲ್ಲ. ಅದು ಆ ಹುಡುಗಿಯದು.

ಅವಳನ್ನು ಕ್ಲಾಸಿನವರು ಲಾಯರಮ್ಮ ಎನ್ನುತ್ತಿದ್ದರು. ಏನು ಹೇಳಿದರೂ ಅದಕ್ಕೊಂದು 'ಯಾಕೆ ಸರ್' ಅಂಟಿಸುವವಳು. ತೆಳ್ಳಗಿನ ಮೈ, ಸದಾ ಮಡಚಿದ ತೋಳು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು. ಮಿಕ್ಕ ಮಕ್ಕಳು ಪಾಠ ಕೇಳುವಾಗ ಅವನ ಮುಖ ನೋಡಿದರೆ ಇವಳು ಅವನ ಕೈ ನೋಡುತ್ತಿದ್ದಳು. ಕೈಯನ್ನೇ ನೋಡುವವರನ್ನು ಅವನು ನಂಬುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಕೆಟ್ಟದ್ದನ್ನು ಹುಡುಕುತ್ತಿದ್ದವಳೂ ಇವಳೇ. ಮಾರ್ಕ್ಸಿನಲ್ಲಿ ಎರಡನೆಯವನಿಗಿಂತ ಬಹಳ ಮುಂದಿದ್ದವಳೂ ಇವಳೇ. ಬಸ್ ಡಿಪೋದ ವರ್ಕ್‌ಶಾಪಿನವರು ವರ್ಷಕ್ಕೊಬ್ಬರನ್ನು ಈ ಸ್ಕೂಲಿನಿಂದ ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷದ ತರಬೇತಿ, ಆಮೇಲೆ ಖಾಯಂ ಕೆಲಸ. ಒಂದೇ ಸೀಟು. ಈ ವರ್ಷದ ಹೆಸರು ಇವತ್ತು ಸಂಜೆ ನಾಲ್ಕು ಗಂಟೆಗೆ ಸ್ಕೂಲಿನಿಂದ ಹೋಗಬೇಕಿತ್ತು, ಹೋಗಬೇಕಾದದ್ದು ಇವಳ ಹೆಸರೇ. ಮೊನ್ನೆ ಸೋಮವಾರ ಅವನು ಹೆಡ್ ಮೇಡಂಗೆ ಕಾಗದ ಬರೆದು ಕೊಟ್ಟಿದ್ದ: ಈ ವಿದ್ಯಾರ್ಥಿನಿ ಪರೀಕ್ಷೆಯ ಉತ್ತರವನ್ನು ಮೋಸದಿಂದ ಮೊದಲೇ ತಿಳಿದುಕೊಳ್ಳುತ್ತಿದ್ದಾಳೆ, ಆದ್ದರಿಂದ ಇವಳ ಹೆಸರು ಕಳಿಸಕೂಡದು. 'ಮೋಸ' ಎಂಬ ಮಾತನ್ನು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತ್ತು. ಆಮೇಲೆ ಸರಾಗವಾಗಿ ಬರೆದಿತ್ತು.

"ಸಾಕ್ಷಿ?" ಎಂದು ಕೇಳಿದ್ದರು ಹೆಡ್ ಮೇಡಂ, ಕನ್ನಡಕ ಮೂಗಿನ ತುದಿಗೆ ಇಳಿಸಿ.

"ಗುರುವಾರ ನೀವೇ ಬನ್ನಿ ಮೇಡಂ. ನಿಮ್ಮ ಕಣ್ಣೆದುರಿಗೇ ಗೊತ್ತಾಗುತ್ತೆ. ಇವಳು ಹುಡುಕೋದಿಲ್ಲ, ಸೀದಾ ಹೋಗ್ತಾಳೆ."

ಇವತ್ತು ಆ ಗುರುವಾರ. ಊಟದ ಬಿಡುವಿನಲ್ಲಿ ಅವನು ಶೆಡ್ಡಿನ ಬಾಗಿಲು ಹಾಕಿ, ಚಿಲಕವನ್ನು ಎರಡು ಸಲ ಎಳೆದು ನೋಡಿ, ಬೆಂಚಿನ ಮೇಲಿದ್ದ ನೀರೆತ್ತುವ ಪಂಪಿನ ಎಂಜಿನ್ನಿನ ಮುಂದೆ ನಿಂತ. ಹಳೆಯ ಎಂಜಿನ್ನು, ಹಗ್ಗ ಎಳೆದು ಚಾಲು ಮಾಡುವಂಥದ್ದು, ಮೈಯೆಲ್ಲ ವರ್ಷಗಟ್ಟಲೆಯ ಜಿಡ್ಡು. ಯಾರಿಗೂ ಹೊಳೆಯದ ಜಾಗ ಹುಡುಕಿಟ್ಟುಕೊಂಡಿದ್ದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದನ್ನು ಮುಚ್ಚಿದರೆ ಎಂಜಿನ್ನು ಚಾಲೂ ಆಗುತ್ತದೆ, ಮೂರು ನಾಲ್ಕು ನಿಮಿಷ ಓಡುತ್ತದೆ, ಆಮೇಲೆ ಒಳಗೆ ಗಾಳಿ ಸಾಲದೆ ಪೆಟ್ರೋಲ್ ಇಳಿಯದೆ ಸಾಯುತ್ತದೆ. ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳೂ ಇಡೀ ಎಂಜಿನ್ ಬಿಚ್ಚಿ ಹರವಿಕೊಂಡು ಕೂರುತ್ತಾರೆ, ಮುಚ್ಚಳದ ಕಡೆ ನೋಡುವುದಿಲ್ಲ. ಮೇಣದ ಚೂರನ್ನು ಬೆರಳಲ್ಲಿ ಮಿದ್ದು ತೂತಿಗೆ ಒತ್ತಿದ. ಕೂದಲಷ್ಟೂ ಹೊರಗೆ ಕಾಣದಂತೆ ಉಗುರಿನಿಂದ ಕೆರೆದ. ಸೀಮೆಎಣ್ಣೆಯ ಬಟ್ಟೆಯಿಂದ ಮುಚ್ಚಳ ಒರೆಸಿದ, ತನ್ನ ಬೆರಳಿನ ಗುರುತು ಉಳಿಯದಂತೆ. ಹತ್ತೊಂಬತ್ತರ ವಯಸ್ಸಿನಲ್ಲಿ ಗ್ಯಾರೇಜಿಗೆ ಸೇರಿದಾಗ ಮಾಲೀಕ ಕಲಿಸಿದ ಮೊದಲ ಪಾಠ ಅದೇ: ಕೆಲಸ ಕಾಣಬೇಕು, ಕೈ ಕಾಣಬಾರದು. ಬಾಗಿಲು ತೆಗೆಯುವ ಮೊದಲು ಕಿಟಕಿಯ ಕೋಟನ್ನು ಸರಿಸಿ ಹೊರಗೆ ನೋಡಿದ. ಯಾರೂ ಇರಲಿಲ್ಲ. ಯಾರೂ ಇಲ್ಲದಿರುವುದು ಕೂಡ ಅವನಿಗೆ ಏನೋ ಸರಿಯಿಲ್ಲವೆನ್ನಿಸಿತು.

ಹೆಡ್ ಮೇಡಂ ಅವರನ್ನು ಕರೆತರಲು ಹೋದಾಗ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವನನ್ನು ಕಂಡದ್ದೇ ಧಡಕ್ಕನೆ ಎದ್ದಳು. ಲಾಯರಮ್ಮನ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ. ಕೈಗಳು ನೀರಿನಲ್ಲಿ ನೆನೆದು ನೆನೆದು ಬಿಳಿಚಿದ್ದವು. ಹೆಡ್ ಮೇಡಂ ಇವತ್ತು ಬರಲು ಹೇಳಿಕಳಿಸಿದ್ದರಂತೆ.

"ಅರ್ಧ ದಿನ ರಜಾ ಹಾಕಿ ಬಂದೆ ಸರ್. ಡಿಪೋದ್ದೇ ಇರಬೇಕು ಅಲ್ವಾ? ಸಹಿ ಏನಾದ್ರೂ ಬೇಕಾಗುತ್ತೇನೋ ಅಂತ" ಎಂದಳು. ಅವನು ಹೂಂ ಎಂದನೋ ಉಹೂಂ ಎಂದನೋ. "ಮನೇಲಿ ದಿನಾ ನಿಮ್ಮ ಮಾತೇ ಸರ್. ನಮ್ಮ ಸರ್ ಹೇಳ್ತಾರೆ, ಮೊದಲು ಕಣ್ಣು, ಆಮೇಲೆ ಕೈ ಅಂತ. ನಾನು ದೀಪ ಹೋದ್ರೂ ಮುಟ್ಟೋ ಹಾಗಿಲ್ಲ. ತಡಿ ಅಮ್ಮ, ಮೊದಲು ನೋಡು ಅಂತಾಳೆ." ಆ ಹೆಂಗಸಿನ ಮುಖದಲ್ಲಿ ಇಷ್ಟು ಸಂತೋಷ ಇರಬಾರದಿತ್ತು. ತಾಯಿಯೂ ನಾಟಕವಾಡುತ್ತಿರಬಹುದೇ? ಮಗಳಿಗೆ ಮೊನ್ನೆಯೇ ವಿಷಯ ತಿಳಿದು, ನನ್ನನ್ನು ಕರಗಿಸಲು ಇವಳನ್ನು ಇಲ್ಲಿ ತಂದು ಕೂರಿಸಿರಬಹುದೇ? ಹೀಗೆ ಅಂದುಕೊಂಡ ಕೂಡಲೇ ಥೂ ಎನಿಸಿತು. ಥೂ ಎನಿಸಿದರೂ ಅಂದುಕೊಂಡದ್ದು ಹೋಗಲಿಲ್ಲ, ಅಲ್ಲೇ ಕೂತಿತ್ತು.

ಹದಿನಾಲ್ಕು ಮಕ್ಕಳು ಗೋಡೆಯ ಉದ್ದಕ್ಕೂ ನಿಂತಿದ್ದರು. ಹೆಡ್ ಮೇಡಂ ಮರದ ಸ್ಟೂಲಿನ ಮೇಲೆ, ಸೀರೆಗೆ ಗ್ರೀಸು ತಾಗದಂತೆ ಸೆರಗು ಒತ್ತಿ ಹಿಡಿದು ಕೂತರು. "ನೀನೊಬ್ಬಳೇ ಬಾ" ಎಂದ ಅವನು. ಹುಡುಗಿ ಮುಂದೆ ಬಂದಳು. ಏನನ್ನೂ ಮುಟ್ಟದೆ, ತೋಳು ಕಟ್ಟಿಕೊಂಡು, ಎಂಜಿನ್ನಿನ ಸುತ್ತ ಒಂದೇ ಒಂದು ಸುತ್ತು ಹಾಕಿದಳು. ಹಗ್ಗ ಎಳೆಯಲಿಲ್ಲ. ಸ್ಪಾನರ್ ಕೇಳಲಿಲ್ಲ. ಕೈ ಚಾಚಿ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳಿಟ್ಟಳು. ಅರ್ಧ ನಿಮಿಷವೂ ಆಗಿರಲಿಲ್ಲ. ಅವನಿಗೆ ಒಂದು ಕೆಟ್ಟ ಖುಷಿ ಬಂತು: ಸಿಕ್ಕಿಬಿದ್ದಳು. ಕನಿಷ್ಠ ಹುಡುಕಿದ ಹಾಗೆ ನಟಿಸುವ ಬುದ್ಧಿಯೂ ಇಲ್ಲವಲ್ಲ ಇವಳಿಗೆ. ಅವನು ನಟಿಸಿದ್ದ. ಮೂವತ್ತು ವರ್ಷದ ಹಿಂದೆ ಸರ್ಟಿಫಿಕೇಟಿನ ಪರೀಕ್ಷೆಯ ದಿನ ಬಾಗಿಲಿನ ಸಂದಿಯಿಂದ ಪರೀಕ್ಷಕ ಎಂಜಿನ್ ಕೆಡಿಸಲು ಎಲ್ಲಿ ಕೈ ಹಾಕುತ್ತಾನೆಂದು ನೋಡಿಕೊಂಡು, ಒಳಗೆ ಹೋಗಿ, ಇಪ್ಪತ್ತು ನಿಮಿಷ ಅದನ್ನು ಇದನ್ನು ಬಿಚ್ಚಿ, ಹಣೆ ಒರೆಸಿಕೊಂಡು, ಕೊನೆಗೆ ಆಗ ತಾನೆ ಹೊಳೆದವನಂತೆ ಓಹೋ ಎಂದಿದ್ದ. ಬೆವರು ಮಾತ್ರ ನಿಜದ್ದು. ಪರೀಕ್ಷಕ ಅವನ ಬೆನ್ನು ತಟ್ಟಿದ್ದ. ಅದೇ ಸರ್ಟಿಫಿಕೇಟಿನ ಮೇಲೆ ಗ್ಯಾರೇಜು, ಅದೇ ಸರ್ಟಿಫಿಕೇಟಿನ ಮೇಲೆ ಈ ಸ್ಕೂಲು, ಅದೇ ಸರ್ಟಿಫಿಕೇಟಿನ ಮೇಲೆ ಇವತ್ತು ಈ ಹುಡುಗಿಯ ಮುಂದೆ ನಿಂತು ನ್ಯಾಯ ಕೇಳುತ್ತಿದ್ದದ್ದು.

"ಹೇಗೆ ಗೊತ್ತಾಯ್ತಮ್ಮ?" ಎಂದರು ಹೆಡ್ ಮೇಡಂ.

ಹುಡುಗಿ ಅವನ ಕಡೆ ನೋಡಿದಳು, ಗೋಡೆಗೆ ಒರಗಿದ್ದವರ ಕಡೆ ನೋಡಿದಳು. ಯಾರೋ ಬೇಡ ಎನ್ನುವಂತೆ ತಲೆಯಾಡಿಸಿದ್ದನ್ನು ಅವನು ಕಂಡ. ಗುಂಪೇ ಇದೆ ಹಾಗಾದರೆ.

"ಹೇಳು. ಹೆದರಬೇಡ."

"ಹೊಳೀತಾ ಇದೆ ಮೇಡಂ."

"ಏನು ಹೊಳೀತಾ ಇದೆ?"

"ಮುಚ್ಚಳ. ಮಿಕ್ಕಿದ್ದೆಲ್ಲ ಜಿಡ್ಡು, ಇದೊಂದು ಹೊಳೀತಾ ಇದೆ. ಸರ್ ಎಲ್ಲಿ ಕೈ ಹಾಕ್ತಾರೋ ಆ ಜಾಗನ ಒರೆಸಿಬಿಡ್ತಾರೆ. ಅವರಿಗೆ ಅಭ್ಯಾಸ."

ಹೆಡ್ ಮೇಡಂ ಬಗ್ಗಿ ನೋಡಿದರು. ಅವನೂ ನೋಡಿದ. ಕರಿಜಿಡ್ಡಿನ ಎಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳ ಹೊಸ ನಾಣ್ಯದ ಹಾಗೆ ಕೂತಿತ್ತು. ಇಷ್ಟು ವರ್ಷ ಕಂಡೇ ಇರಲಿಲ್ಲ. ಪ್ಲಗ್ಗು, ಪೈಪು, ವೈರು, ಒಂದೊಂದನ್ನೂ ತಾನು ಒರೆಸಿ, ಇಲ್ಲಿದೆ ನೋಡಿ ಎಂದು ಮಕ್ಕಳ ಮುಂದೆ ಇಟ್ಟಿದ್ದ. "ಎಲ್ಲರಿಗೂ ಗೊತ್ತಾ ಇದು?" ಎಂದರು ಹೆಡ್ ಮೇಡಂ. ಹದಿಮೂರು ತಲೆಗಳು ತಗ್ಗಿದವು. ಕೊನೆಗೆ ತುದಿಯಲ್ಲಿ ನಿಂತಿದ್ದ ದಪ್ಪ ಹುಡುಗ, "ಗೊತ್ತು ಮೇಡಂ. ಬೇಗ ಹೇಳಿದ್ರೆ ಸರ್‌ಗೆ ಬೇಜಾರಾಗುತ್ತೆ ಅಂತ ಸ್ವಲ್ಪ ಹೊತ್ತು ಹುಡುಕೋ ಥರ ಮಾಡ್ತಿದ್ವಿ. ಪಾಪ ಅನ್ಸೋದು" ಎಂದ. ಹೆಡ್ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ಹೆಗಲಲ್ಲಿ ಕುಣಿಯುತ್ತಿತ್ತು. ಮಕ್ಕಳೂ ನಕ್ಕರು, ಬಿಗಿಹಿಡಿದದ್ದನ್ನು ಬಿಟ್ಟ ಹಾಗೆ. ಕಳ್ಳರೆಂದು ಕಾದು ಕೂತವನಿಗೆ ಅವರು ಕಳ್ಳರಾಗಿದ್ದರೇ ಎಷ್ಟೋ ವಾಸಿಯಿತ್ತು. ಪಾಪ ಎಂದರಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ನಗದವಳು ಅವಳೊಬ್ಬಳೇ. ಆ ನಗದ ಮುಖವೇ ಅವನ ಸಿಟ್ಟನ್ನು ನೆತ್ತಿಗೇರಿಸಿತು. "ಅಂದ್ರೆ ಏನಾಯ್ತು ಮೇಡಂ?" ಎಂದ, ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. "ಇವಳಿಗೆ ಎಂಜಿನ್ ಗೊತ್ತಿಲ್ಲ, ನಾನು ಗೊತ್ತು. ಅಷ್ಟೇ ತಾನೆ? ಡಿಪೋದಲ್ಲಿ ಬಸ್ಸು ಕೆಟ್ಟು ನಿಂತ್ರೆ ಕೆಟ್ಟ ಜಾಗನ ಯಾರಾದ್ರೂ ಒರೆಸಿಟ್ಟಿರ್ತಾರಾ? ಅಲ್ಲಿ ಹೋಗಿ ಏನು ಮಾಡ್ತಾಳೆ ಇವಳು?" ಮಕ್ಕಳ ನಗು ನಿಂತಿತು. ಹುಡುಗಿಯ ಮುಖ ಮೊದಲ ಸಲ ಬಿಳಿಚಿತು. ಮಾತು ನಿಜವಾಗಿತ್ತು, ಅದು ನಿಜವೆಂದು ಅವಳಿಗೂ ಗೊತ್ತಿತ್ತು, ಅದು ಅವನಿಗೂ ಕಂಡಿತು. ಗೆದ್ದೆ ಅನ್ನಿಸಬೇಕಾಗಿತ್ತು. ಅವಳು ಮುಚ್ಚಳ ಬಿಚ್ಚಿ, ತಲೆಯ ಪಿನ್ನು ತೆಗೆದು ತೂತಿನ ಮೇಣ ಚುಚ್ಚಿ ಬೀಳಿಸಿ, ಊದಿ, ಮುಚ್ಚಳ ಹಾಕಿ ಹಗ್ಗ ಎಳೆದಳು. ಎಂಜಿನ್ನು ಗುರ್ ಎಂದು ಎದ್ದಿತು. ಚಾಲು ಮಾಡುವಾಗ ಹೆಚ್ಚು ಪೆಟ್ರೋಲ್ ಹೋಗಲೆಂದು ಎಳೆದಿದ್ದ ಚೋಕಿನ ಕಡ್ಡಿಯನ್ನು ಒಳಗೆ ತಳ್ಳಿದಳು. ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಮತ್ತೆ ಎಳೆದಳು. ಮತ್ತೆ ಅದೇ.

"ಇನ್ನೊಂದು ಇಟ್ಟಿದ್ದೀರಾ?" ಎಂದರು ಹೆಡ್ ಮೇಡಂ.

"ಇಲ್ಲ ಮೇಡಂ. ಒಂದೇ. ನಿನ್ನೆ ಸಂಜೆ ತನಕ ಸರಿಯಾಗೇ ಓಡ್ತಿತ್ತು. ಯಾರೋ ಕೈ ಹಾಕಿದ್ದಾರೆ." ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ದಪ್ಪ ಹುಡುಗನೇ? ಸೀಮೆಸುಣ್ಣ ಗುಡಿಸಿದ ಜವಾನನೇ? ಬೀಗದ ಕೈ ಒಂದು ಜೊತೆ ಹೆಡ್ ಮೇಡಂ ಹತ್ತಿರವೂ ಇತ್ತು. ನಗುವುದಕ್ಕೇ ಬಂದವರಂತೆ ಕೂತಿದ್ದರಲ್ಲ.

"ನೀವು ಒರೆಸದೇ ಇರೋದು ಒಂದು ಸಿಕ್ಕಿತಲ್ಲ ಮೇಷ್ಟ್ರೇ, ಒಳ್ಳೆದೇ ಆಯ್ತು" ಎಂದು ಅವರು ಎದ್ದರು. "ಅವಳೇ ನೋಡ್ಲಿ. ನೀವು ಬಾಯಿ ಹಾಕಬೇಡಿ. ನೀವು ಕೊಟ್ಟ ಕಾಗದ ನನ್ನ ಡ್ರಾಯರಿನಲ್ಲೇ ಇದೆ. ಮೂರೂವರೆಗೆ ಬಂದು ಅದನ್ನ ಏನು ಮಾಡ್ಲಿ ಹೇಳಿ. ನಾಲ್ಕಕ್ಕೆ ಹೆಸರು ಹೋಗಬೇಕು."

ಆಗ ಗಂಟೆ ಎರಡು ಇಪ್ಪತ್ತಾಗಿತ್ತು. ಮಿಕ್ಕವರನ್ನು ಕ್ಲಾಸಿಗೆ ಕಳಿಸಿ ಅವನು ಕೈ ಬೆನ್ನಿಗೆ ಕಟ್ಟಿ ಗೋಡೆಗೆ ಒರಗಿದ. ಏನು ಕೆಟ್ಟಿದೆ ಎಂದು ಅವನಿಗೆ ಸುಮಾರಾಗಿ ಅಂದಾಜಿತ್ತು, ಆದರೆ ಅಂದಾಜು ಮಾತ್ರ. ಹೆಡ್ ಮೇಡಂ ತನ್ನ ಕೈಗೇ ಸ್ಪಾನರ್ ಕೊಟ್ಟಿದ್ದರೆ ಏನಾಗುತ್ತಿತ್ತೋ. ತಾನು ಕೆಡಿಸದ ಎಂಜಿನ್ನಿನ ಮುಂದೆ ತಾನು ನಿಂತು ಎಷ್ಟು ವರ್ಷವಾಯಿತು? ಹುಡುಗಿಗೆ ಹೊಳೆಯುವ ಜಾಗ ಯಾವುದೂ ಇರಲಿಲ್ಲ. ಎಲ್ಲ ಕಡೆ ಒಂದೇ ಜಿಡ್ಡು. ಮೊದಲು ಸುಮ್ಮನೆ ಪ್ಲಗ್ಗು ಬಿಚ್ಚಿದಳು, ಅದು ಸರಿಯಿತ್ತು, ಹಾಕಿದಳು. ಸೈಲೆನ್ಸರಿಗೆ ಕೈ ತಗುಲಿ ಸ್ ಎಂದಳು, ಬೆರಳನ್ನು ಬಾಯಿಗಿಟ್ಟುಕೊಂಡಳು. ಏನು ಮಾಡುತ್ತಿದ್ದೇನೆಂದು ತನಗೇ ಗೊತ್ತಿಲ್ಲದವಳ ಹಾಗೆ ಒಂದು ಹತ್ತು ನಿಮಿಷ ಅದನ್ನು ಇದನ್ನು ಮುಟ್ಟಿದಳು. ಅವನಿಗೆ ಅವಳ ಮೇಲೆ ಒಂದು ಕ್ಷಣ ಎಲ್ಲಿಲ್ಲದ ಕನಿಕರ ಬಂತು, ಬಂದದ್ದಕ್ಕೆ ಅವಳ ಮೇಲೇ ಸಿಟ್ಟು ಬಂತು. ಆಮೇಲೆ ಅವಳು ಕೈ ತೆಗೆದು ಹಿಂದೆ ಸರಿದು ನಿಂತಳು. ಬಹಳ ಹೊತ್ತು ನಿಂತಳು. ತುಟಿ ಅಲ್ಲಾಡುತ್ತಿತ್ತು. ತನ್ನ ಪಾಡಿಗೆ ತಾನು ವಾದ ಮಾಡುತ್ತಿದ್ದಳು: "ಚೋಕ್ ಎಳೆದ್ರೆ ಓಡುತ್ತೆ. ತಳ್ಳಿದ್ರೆ ಸಾಯುತ್ತೆ. ಅಂದ್ರೆ ಪ್ಲಗ್ಗಲ್ಲಿ ಕಿಡಿ ಇದೆ. ಪೆಟ್ರೋಲ್ ಸಾಲ್ತಿಲ್ಲ. ಎಲ್ಲಿ ತನಕ ಬರ್ತಿದೆ?" ಪೈಪು ಕಿತ್ತಳು, ಧಾರೆಯಾಗಿ ಬಂತು. ಕಾರ್ಬೊರೇಟರಿನ ತಳದ ಬಟ್ಟಲು ಬಿಚ್ಚಿದಳು, ತುಂಬಿತ್ತು. "ಇಲ್ಲಿ ತನಕ ಬಂದಿದೆ." ಎಂಜಿನ್ನಿಗೆ ಪೆಟ್ರೋಲ್ ಬಿಡುವ ಹಿತ್ತಾಳೆಯ ಜೆಟ್ಟನ್ನು, ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು, ತಿರುಗಿಸಿ ತೆಗೆದು ಕಿಟಕಿಯ ಕಡೆ ಹಿಡಿದು ಅದರ ತೂತಿನಲ್ಲಿ ಕಣ್ಣಿಟ್ಟಳು. ಬೆಳಕು ಕಾಣಲಿಲ್ಲವೆಂದು ಅವಳ ಹುಬ್ಬೇ ಹೇಳಿತು.

ಅವನು ಬೆನ್ನ ಹಿಂದಿನ ಕೈ ಬಿಡಿಸಿ ಹತ್ತಿರ ಹೋದ. ಅವಳು ಜೆಟ್ಟನ್ನು ಬಾಯಿಗಿಟ್ಟು ಜೋರಾಗಿ ಊದಿದಳು, ಬಿಳಿ ಕಾಗದದ ಮೇಲೆ ತಟ್ಟಿದಳು. ಕಾಗದದ ಮೇಲೆ ಒಂದು ಕೆಂಪು ಚೂರು ಬಿತ್ತು, ಇದೆಯೋ ಇಲ್ಲವೋ ಎನ್ನುವಷ್ಟು. ಅವನು ಬಗ್ಗಿದ. "ಯಾರು ಹಾಕಿದ್ದು ಇದನ್ನ?" ಎಂಬ ಮಾತು ಅವನ ಬಾಯಿಂದ ತಾನಾಗಿಯೇ ಬಂತು.

"ಯಾರೂ ಹಾಕಿದ್ದಲ್ಲ ಸರ್" ಎಂದಳು ಹುಡುಗಿ. "ತುಕ್ಕು. ಟ್ಯಾಂಕು ಒಳಗೆ ತುಕ್ಕು ಹಿಡಿದಿದೆ. ಅದೇ ಉದುರಿ ಬಂದಿದೆ."

ಯಾರೂ ಹಾಕಿದ್ದಲ್ಲ. ಎಷ್ಟು ವರ್ಷವಾಗಿತ್ತು ಅವನು ಇಂಥ ಮಾತು ಕೇಳಿ. ಯಾರೂ ಕೈ ಹಾಕದೆ, ಯಾರೂ ಸಂದಿಯಲ್ಲಿ ಇಣುಕದೆ, ಯಾರ ಮೇಲೂ ಯಾರಿಗೂ ಏನೂ ಇಲ್ಲದೆ, ತಗಡು ತನ್ನ ಪಾಡಿಗೆ ತಾನು ತುಕ್ಕು ಹಿಡಿದು, ಒಂದು ದಿನ ಒಂದು ಚೂರು ಉದುರಿತ್ತು. ಎಂಜಿನ್ನುಗಳು ಸಾಮಾನ್ಯವಾಗಿ ಕೆಡುವುದೇ ಹೀಗೆ. ಮಕ್ಕಳಿಗೆ ಅದನ್ನು ಒಂದು ದಿನವೂ ತೋರಿಸಿರಲಿಲ್ಲ. ಗಡಿಯಾರ ನೋಡಿದ, ಮೂರೂಕಾಲು ದಾಟಿತ್ತು. ಹೆಡ್ ಮೇಡಂ ಅವರ ಕೋಣೆಯವರೆಗಿನ ದಾರಿಯನ್ನು ಓಡದೆ, ಓಡಿದಷ್ಟೇ ಬೇಗ ನಡೆದ. ಬೆಂಚಿನಲ್ಲಿದ್ದ ತಾಯಿ ಮತ್ತೆ ಎದ್ದು ನಿಂತಳು. ಅವನು ಅವಳ ಮುಖ ನೋಡಲಾರದೆ ಅವಳ ಕೈ ನೋಡಿದ.

"ಹರೀರಿ ಮೇಡಂ" ಎಂದ ಒಳಗೆ ಹೋಗಿ.

"ಹರಿಯೋಕಾಗಲ್ಲ ಮೇಷ್ಟ್ರೇ, ರಿಜಿಸ್ಟರಲ್ಲಿ ಇನ್‌ವರ್ಡ್ ನಂಬರ್ ಬಿದ್ದಿದೆ" ಎಂದರು ಅವರು, ಈಗ ನಗುತ್ತಿರಲಿಲ್ಲ. "ವಾಪಸ್ ತಗೋತೀನಿ ಅಂತ ಕೆಳಗೆ ಬರೀರಿ. ಕಾರಣಾನೂ ಬರೀರಿ." ಅವನು ಪೆನ್ನು ಹಿಡಿದು ಕೂತ. ತಪ್ಪು ತಿಳಿವಳಿಕೆಯಿಂದ ಎಂದು ಬರೆಯಬಹುದಿತ್ತು, ಎಲ್ಲರೂ ಬರೆಯುವುದು ಅದನ್ನೇ. ಬರೆದು, ಹೊಡೆದು ಹಾಕಿ, 'ಮೋಸ ಎಂಬ ಮಾತಿಗೆ ನನ್ನಲ್ಲಿ ಆಧಾರವಿರಲಿಲ್ಲ. ಈಕೆಗೆ ಕೆಲಸ ಬರುತ್ತದೆ' ಎಂದು ಬರೆದು ಸಹಿ ಹಾಕಿದ. ಹೆಡ್ ಮೇಡಂ ಓದಿ, ಡಿಪೋದ ಲಕೋಟೆಗೆ ಹುಡುಗಿಯ ಹೆಸರಿನ ಹಾಳೆ ಹಾಕಿ ಗೋಂದು ಹಚ್ಚಿದರು. ಜವಾನ ಅದನ್ನು ತೆಗೆದುಕೊಂಡು ಸೈಕಲ್ ಹತ್ತಿದ್ದನ್ನು ಅವನು ಕಿಟಕಿಯಿಂದ ನೋಡಿದ. ಸೈಕಲ್ಲು ಗೇಟು ದಾಟುವವರೆಗೂ ನೋಡಿದ, ಎಲ್ಲಾದರೂ ಬೇರೆ ಕಡೆ ತಿರುಗುತ್ತಾನೋ ಎಂದು.

ಶೆಡ್ಡಿಗೆ ಮರಳಿದಾಗ ಅವಳು ಜೆಟ್ಟು ಕೂರಿಸಿ ಕಾರ್ಬೊರೇಟರಿನ ತಳದ ಬಟ್ಟಲನ್ನು ಎರಡು ಕೈಯಲ್ಲಿ ಒತ್ತಿ ಹಿಡಿದಿದ್ದಳು. ಬೋಲ್ಟು ಹಾಕಲು ಮೂರನೆಯ ಕೈ ಬೇಕಿತ್ತು. ಅವನು ಸ್ಪಾನರ್ ತೆಗೆದುಕೊಂಡ. "ಹೆಸರು ಹೋಯ್ತು" ಎಂದ. ಅವಳು ತಲೆಯಾಡಿಸಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅವನು ಬೋಲ್ಟನ್ನು ಬೆರಳಿನಿಂದ ತಿರುಗಿಸಿ ಕೂರಿಸಿ ಸ್ಪಾನರ್ ಹಚ್ಚಿ ಬಿಗಿ ಮಾಡಿದ.

"ನನ್ನ ಮೇಲೇ ಯಾಕೆ ಸರ್ ಅನುಮಾನ ಬಂತು?" ಎಂದಳು.

ಏನಾದರೊಂದು ಹೇಳಬಹುದಿತ್ತು. ಮೇಷ್ಟ್ರಾದವನ ಹತ್ತಿರ ಇಂಥ ಹೊತ್ತಿಗೆ ಮಾತಿಗೆ ಬರವಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ. "ನಾನು ಹಾಗೇ ಪಾಸಾಗಿದ್ದು" ಎಂದ. "ಬಾಗಿಲ ಸಂದೀಲಿ ನೋಡ್ಕೊಂಡು. ಅದಕ್ಕೆ." ಹೆಂಡತಿಗೂ ಹೇಳಿರದ ಮಾತು ಇಷ್ಟು ಸಣ್ಣದಾಗಿ, ಎರಡೇ ಉಸಿರಿನಲ್ಲಿ ಮುಗಿದುಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಅಂಥದ್ದೇನೂ ಆಗಲಿಲ್ಲ. ಅವಳು ಬಟ್ಟಲಿನಿಂದ ಕೈ ತೆಗೆದು ಅವನನ್ನೇ ನೋಡಿದಳು, ಈ ಸಲ ಕೈಯನ್ನಲ್ಲ, ಮುಖವನ್ನು.

"ಅಂದ್ರೆ ಆವಾಗ ನಿಮಗೆ ಕೆಲಸ ಬರ್ತಿರ್ಲಿಲ್ವಾ ಸರ್?"

"ಇಲ್ಲ."

"ಆಮೇಲೆ?"

"ಆಮೇಲೆ... ಕಲಿತೆ ಅಂದ್ಕೊಂಡಿದ್ದೀನಿ."

ಅವಳು, ಬೇಜಾರು ಮಾಡಬೇಕೆಂದಲ್ಲ, ಕೇಳುವ ಮಾತು ಕೇಳಿ ಮುಗಿಸಿದವಳ ಹಾಗೆ, ಅವನ ಕೈಯಿಂದ ಸ್ಪಾನರ್ ತೆಗೆದುಕೊಂಡು ಬಗ್ಗಿ, ಅವನು ಬಿಗಿ ಮಾಡಿದ ಬೋಲ್ಟಿಗೆ ಮತ್ತೆ ಹಚ್ಚಿದಳು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬೋಲ್ಟು ಅಲ್ಲಾಡದಿರಲಿ ಎಂದು ಉಸಿರು ಬಿಗಿಹಿಡಿದು ನಿಂತ. ಅದು ಇನ್ನೂ ಕಾಲು ಸುತ್ತು ತಿರುಗಿತು.